ಗಾಳಿಯಲ್ಲಿ ನಿಂತ ಗೋಡೆ

ಕೆಲಸದವರು ಅವನನ್ನು ಗೂಡಿನಣ್ಣ ಎಂದು ಕರೆಯುತ್ತಿದ್ದರು. ಕಟ್ಟಡದ ಪಕ್ಕದಲ್ಲಿ ನೆಟ್ಟಗೆ ನಿಂತ ಹಳದಿ ಕ್ರೇನಿನ ನೆತ್ತಿಯ ಹತ್ತಿರ ಗಾಜಿನ ಒಂದು ಪುಟ್ಟ ಕೋಣೆಯಿತ್ತು, ಅದೇ ಗೂಡು. ಬೆಳಿಗ್ಗೆ ಏಣಿ ಹತ್ತಿ ಅದರೊಳಗೆ ಕೂತನೆಂದರೆ ಊಟಕ್ಕೂ ಇಳಿಯುವವನಲ್ಲ. ಡಬ್ಬಿ, ನೀರಿನ ಬಾಟಲಿ ಬೆನ್ನಿಗೆ ಕಟ್ಟಿಕೊಂಡೇ ಹತ್ತುತ್ತಿದ್ದ. "ಅಷ್ಟು ಹೊತ್ತು ಒಬ್ನೇ ಹೇಗೆ ಕೂರ್ತೀಯಪ್ಪ" ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದ. ಒಬ್ಬನೇ ಕೂರುವ ಆಸೆಗೇ ಅವನು ಆ ಕೆಲಸ ಕಲಿತದ್ದೆಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಅವನ ತಾಯಿ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ದುಡಿದವಳು. ಯಂತ್ರಗಳು ಕಿವಿ ಹರಿಯುವಂತೆ ಸದ್ದು ಮಾಡುತ್ತಿದ್ದರೂ ಅವಳ ತುಟಿ ಮಾತ್ರ ಸಣ್ಣಗೆ ಅಲುಗುತ್ತಲೇ ಇರುತ್ತಿತ್ತು. ಏನಮ್ಮ ಅದು ಎಂದು ಮಗ ಕೇಳಿದಾಗ ಅವಳು ಹೇಳಿಕೊಟ್ಟದ್ದು ಒಂದೇ ಸಾಲು: "ದೇವರೇ, ನನ್ನ ಮನಸ್ಸು ನಿನ್ನ ಕಡೆಗಿರಲಿ." ಅದಕ್ಕಿಂತ ಉದ್ದದ ಪ್ರಾರ್ಥನೆ ಅವಳಿಗೂ ಬರುತ್ತಿರಲಿಲ್ಲ, ಅವನಿಗೂ ಬರಲಿಲ್ಲ. ಆದರೆ ಆ ಒಂದು ಸಾಲನ್ನು ನೆಲದ ಮೇಲೆ ಹಿಡಿದುಕೊಳ್ಳುವುದು ಅವನ ಕೈಲಾಗಲಿಲ್ಲ. ಹರೆಯವನ್ನೆಲ್ಲ ಕ್ರೇನಿನ ಕೊಕ್ಕೆಗೆ ಸಾಮಾನು ಕಟ್ಟುವ ಕೆಲಸದಲ್ಲಿ ಕಳೆದವನು ಅವನು. ಲಾರಿಯ ಹಾರನ್, ಮೇಸ್ತ್ರಿಯ ಬೈಗುಳ, ಪಕ್ಕದವನ ಹರಟೆ, ತನ್ನದೇ ಹಸಿವು. ಸಾಲು ಅರ್ಧಕ್ಕೆ ಬರುವುದರೊಳಗೆ ಮನಸ್ಸು ನಾಲ್ಕು ದಿಕ್ಕಿಗೆ ಓಡಿ ಆಗಿರುತ್ತಿತ್ತು. ಮೇಲೆ ಹೋದರೆ ಹೀಗಿರುವುದಿಲ್ಲ ಎಂದು ಅವನಿಗೆ ಅನ್ನಿಸಿತು. ರಜೆಯ ದಿನಗಳಲ್ಲಿ ತರಬೇತಿಗೆ ಹೋಗಿ, ಪರೀಕ್ಷೆ ಪಾಸು ಮಾಡಿ, ಕೊನೆಗೂ ಗೂಡು ಸೇರಿಕೊಂಡ.

ಮೇಲೆ ನಿಜಕ್ಕೂ ಆ ಗದ್ದಲವಿರಲಿಲ್ಲ. ಒಂದು ಹೊರೆ ಇಳಿಸಿ ಇನ್ನೊಂದು ಕಟ್ಟುವವರೆಗಿನ ಬಿಡುವಿನಲ್ಲಿ ಅವನು ಕಣ್ಣು ಮುಚ್ಚಿ ಆ ಸಾಲನ್ನು ಹೇಳಿಕೊಳ್ಳುತ್ತಿದ್ದ. ಕೆಲವು ದಿನ ಅದು ತಾನಾಗಿಯೇ ಒಳಗೆ ನಡೆಯುತ್ತಿತ್ತು. ವರ್ಷಗಳು ಹಾಗೆ ಕಳೆದವು. ತನ್ನದೊಂದು ಸಾಧನೆ ಎಂಬಂತೆ ಒಳಗೊಳಗೇ ಅವನಿಗೆ ಸ್ವಲ್ಪ ಹೆಮ್ಮೆಯೂ ಬೆಳೆದಿತ್ತೇನೋ.

ಅವನು ಮೇಲೆ ಕೂತರೆ ಕೆಳಗೆ ನಿಂತು ಸನ್ನೆ ಮಾಡುತ್ತಿದ್ದವನು ಹೆಂಡತಿಯ ತಮ್ಮ. ವಾಕಿಟಾಕಿ ಬರುವ ಮೊದಲು ಸೀಟಿ ಊದಿ ಕ್ರೇನು ನಡೆಸುತ್ತಿದ್ದವನಾದ್ದರಿಂದ ಅವನಿಗೆ ಸೀಟಿ ಎಂದೇ ಹೆಸರಾಗಿತ್ತು. ಮಾತು ಜಾಸ್ತಿ, ನಗು ಜಾಸ್ತಿ, ಕೋಪವೂ ಜಾಸ್ತಿ. "ಇಳಿಸಿ ಭಾವ, ಇಳಿಸಿ, ಇಳಿಸಿ, ಸಾಕು" ಎಂಬ ಅವನ ದನಿಯನ್ನು ನಂಬಿ ಗೂಡಿನಣ್ಣ ಎಷ್ಟೋ ಕಟ್ಟಡಗಳನ್ನು ಮೇಲೆಬ್ಬಿಸಿದ್ದ. ಕಟ್ಟಡದ ಹಿಂಬದಿಗೆ ಸಾಮಾನು ಇಳಿಸುವಾಗಲಂತೂ ಮೇಲಿನವನಿಗೆ ಏನೂ ಕಾಣುವುದಿಲ್ಲ. ಕೆಳಗಿನವನ ಬಾಯೇ ಅವನಿಗೆ ಕಣ್ಣು. ಅದಕ್ಕೊಂದು ನಿಯಮವಿದೆ. ಸನ್ನೆಗಾರ ಎಡೆಬಿಡದೆ ಮಾತಾಡುತ್ತಲೇ ಇರಬೇಕು. ಅವನ ದನಿ ನಿಂತ ಕ್ಷಣ ಕ್ರೇನೂ ನಿಲ್ಲಬೇಕು.

ಆ ಇಬ್ಬರೂ ಈಗ ಮಾತು ಬಿಟ್ಟಿದ್ದರು.

ಜಗಳ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಗೂಡಿನಣ್ಣನ ಮನೆಯಲ್ಲಿ, ಊಟದ ಹೊತ್ತಿನಲ್ಲಿ. ಎಲ್ಲರೂ ಕೂತಾಗಿತ್ತು. ಅವನು ಎಂದಿನಂತೆ ತಟ್ಟೆಯ ಮುಂದೆ ಕಣ್ಣು ಮುಚ್ಚಿದ. ಅವತ್ತು ಸ್ವಲ್ಪ ಹೆಚ್ಚು ಹೊತ್ತೇ ಮುಚ್ಚಿದನೇನೋ. ಸೀಟಿ ಹಸಿದಿದ್ದ, "ಭಾವ, ಅನ್ನ ಆರಿ ಹೋಗ್ತಿದೆ" ಎಂದ. ಭಾವ ಕಣ್ಣು ತೆರೆಯಲಿಲ್ಲ. ಮತ್ತೊಮ್ಮೆ ಅಂದ. ಆಗಲೂ ತೆರೆಯದೆ, ತಡೆ ಎಂಬಂತೆ ಕೈ ಮಾತ್ರ ಎತ್ತಿದ. ಆ ಕೈಯನ್ನು ಕಂಡು ಸೀಟಿಗೆ ಏನಾಯಿತೋ.

"ಆಸ್ಪತ್ರೆಯಲ್ಲೂ ಹೀಗೇ ಅಲ್ವಾ ಕೂತಿದ್ದು," ಎಂದ. "ನಿಮ್ಮಪ್ಪ ನಿಮ್ಮನ್ನ ಕೂಗ್ತಾನೇ ಇದ್ರು. ನೀವು ಬಾಗಿಲಾಚೆ ಬೆಂಚಿನ ಮೇಲೆ ಕಣ್ಣು ಮುಚ್ಕೊಂಡು ಕೂತಿದ್ರಿ. ಎದ್ದು ಹೋಗಿದ್ದು ನಾನು."

ಗೂಡಿನಣ್ಣನ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವನು ತಟ್ಟೆ ಸರಿಸಿ ಎದ್ದು ಹೋದ. ಸೀಟಿಯೂ ಉಣ್ಣದೆ ಚಪ್ಪಲಿ ಮೆಟ್ಟಿದ. ಅಂದಿನಿಂದ ಇಬ್ಬರ ನಡುವೆ ವಾಕಿಟಾಕಿಯಲ್ಲಿ ಹಾದುಹೋಗುತ್ತಿದ್ದುದು ಕೆಲಸದ ಮಾತು ಮಾತ್ರ. 'ಭಾವ' ಹೋಗಿ 'ಕ್ರೇನ್' ಎಂದಾಯಿತು. "ಕ್ರೇನ್, ಎತ್ತು. ಕ್ರೇನ್, ನಿಲ್ಲಿಸು." ಮನೆಯ ವಿಷಯಗಳೇನಿದ್ದರೂ ಹೆಂಡತಿಯೇ ಇಬ್ಬರಿಗೂ ಮುಟ್ಟಿಸಬೇಕು. "ಒಬ್ರು ಮೇಲೆ ಮುಖ ಊದಿಸ್ಕೊಂಡು, ಒಬ್ಬ ಕೆಳಗೆ ಮುಖ ಊದಿಸ್ಕೊಂಡು, ಮಧ್ಯದಲ್ಲಿ ನಾನೊಂದು ವಾಕಿಟಾಕಿ," ಎಂದು ಅವಳು ಗೊಣಗುತ್ತಿದ್ದಳು. "ನನ್ನ ಬ್ಯಾಟರಿನೂ ಮುಗಿಯುತ್ತೆ ರೀ ಒಂದಿನ."

ಅವಳ ಮಾತಿಗೆ ಗೂಡಿನಣ್ಣನಿಗೆ ನಗು ಬರುತ್ತಿರಲಿಲ್ಲ. ಗೂಡಿನ ಬಾಗಿಲು ಹಾಕಿಕೊಂಡು 'ದೇವರೇ' ಎಂದು ಶುರುಮಾಡಿದರೆ ಸಾಕು, ಭಾಮೈದನ ಮಾತು ಎದ್ದು ಬಂದು ಎದುರಿಗೆ ನಿಲ್ಲುತ್ತಿತ್ತು. ಕೂಗ್ತಾನೇ ಇದ್ರು. ಎದ್ದು ಹೋಗಿದ್ದು ನಾನು. ಅವನು ಅದನ್ನು ಸರಿಸಿ ಮತ್ತೆ ಶುರುಮಾಡುತ್ತಿದ್ದ. ಅದು ಮತ್ತೆ ಬರುತ್ತಿತ್ತು. ಅಪ್ಪ ಕೂಗಿದ್ದು ತನಗೆ ಕೇಳಿಸಿತ್ತೇ? ಕೇಳಿಸಿರಲಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿದ್ದ. ಆ ವಾರ್ಡಿನಲ್ಲಿ ಎಲ್ಲರೂ ಯಾರನ್ನಾದರೂ ಕೂಗುತ್ತಲೇ ಇದ್ದರಲ್ಲ. ಆಮೇಲೆ ಅವನ ಮನಸ್ಸು ಭಾಮೈದನಿಗೆ ಉತ್ತರ ಹೊಸೆಯುವುದಕ್ಕೆ ಕೂರುತ್ತಿತ್ತು. ಒಂದಕ್ಕಿಂತ ಒಂದು ಹರಿತವಾದ ಉತ್ತರ. ಹೊರೆ ಎತ್ತುವಾಗ, ಇಳಿಸುವಾಗ, ಏಣಿ ಹತ್ತುವಾಗ, ಹಲ್ಲುಜ್ಜುವಾಗಲೂ. ಇಷ್ಟು ವರ್ಷ ಅವನು ದೇವರಿಗೆಂದು ಇಟ್ಟಿದ್ದ ಜಾಗದಲ್ಲಿ ಈಗ ಸೀಟಿ ಕಾಲು ಚಾಚಿ ಕೂತಿದ್ದ.

ಆ ದಿನ ಹಿಂಬದಿಯ ಗೋಡೆ ನಿಲ್ಲಿಸುವ ಕೆಲಸವಿತ್ತು. ಬೇರೆ ಕಡೆ ಎರಕ ಹೊಯ್ದು ಲಾರಿಯಲ್ಲಿ ತಂದ ಕಾಂಕ್ರೀಟಿನ ಇಡೀ ಗೋಡೆ. ಅದನ್ನು ಎತ್ತಿ, ಕಟ್ಟಡದ ನೆತ್ತಿ ದಾಟಿಸಿ, ಹಿಂಬದಿಯ ಮಹಡಿಯ ಅಂಚಿಗೆ ಇಳಿಸಬೇಕು. ಅಲ್ಲಿ ಸೀಟಿಯೂ ಗೋಡೆ ಕೂರಿಸುವ ಇಬ್ಬರು ಫಿಟ್ಟರುಗಳೂ ಕಾದಿರುತ್ತಾರೆ. ಬೆಳಿಗ್ಗೆ ಎರಡು ಗೋಡೆಗಳು ಸುಸೂತ್ರವಾಗಿ ಕೂತವು. ಊಟವಾದ ಮೇಲೆ ಗಾಳಿ ಎದ್ದಿತು. ಕೆಲಸ ನಿಲ್ಲಿಸುವಷ್ಟು ಜೋರಲ್ಲ. ಗೂಡಿನ ಗಾಳಿ ಮೀಟರಿನ ಮುಳ್ಳು ಕೆಂಪು ಗೆರೆಗಿಂತ ಕೆಳಗೇ ಇತ್ತು. ಆದರೂ ಆಗಾಗ ಒಂದು ಬೀಸು ಬಂದು ಗಾಜಿಗೆ ಹೊಡೆದಾಗ ಗೂಡು ಸಣ್ಣಗೆ ನರಳುತ್ತಿತ್ತು.

"ಇದೊಂದು ಆಗಿಬಿಡಲಿ," ಎಂದು ವಾಕಿಟಾಕಿಯಲ್ಲಿ ಸೈಟ್ ಇಂಜಿನಿಯರ್ ಹೇಳಿದ. "ಉಳಿದಿದ್ದು ನಾಳೆ ನೋಡೋಣ."

ಮೂರನೆಯ ಗೋಡೆ ಮೇಲೆದ್ದು, ನೆತ್ತಿ ದಾಟಿ, ಕಣ್ಮರೆಯಾಯಿತು. ಈಗ ಅವನಿಗೆ ಕಾಣುತ್ತಿದ್ದುದು ಕಟ್ಟಡದ ಆಚೆ ಇಳಿಬಿದ್ದ ಉಕ್ಕಿನ ಹಗ್ಗ ಮತ್ತು ತನ್ನೆದುರಿನ ತೂಕದ ಮೀಟರ್, ಅಷ್ಟೇ.

"ಕ್ರೇನ್, ಇಳಿಸು. ಇಳಿಸು. ಇಳಿಸು. ನಿಧಾನ. ಇಳಿಸು."

ಅವನ ಕೈ ಇಳಿಸುತ್ತಿತ್ತು. ಒಳಗೆ ಬೇರೆಯೇ ಮಾತು ನಡೆದಿತ್ತು. 'ನೀನು ಎದ್ದು ಹೋದೆ ಸರಿ, ಅವತ್ತು ಆಸ್ಪತ್ರೆಗೆ ಬರೋಕೇ ತಡ ಮಾಡಿದವನು ಯಾರು? ಅದನ್ನು ಹೇಳಲಾ ನಿಮ್ಮಕ್ಕನ ಮುಂದೆ?' ಉತ್ತರ ಚೆನ್ನಾಗಿ ಬಂತು ಎನ್ನಿಸಿತು. ಅದನ್ನೇ ಇನ್ನೊಮ್ಮೆ, ಇನ್ನೂ ಖಾರವಾಗಿ ಹೇಳಿ ನೋಡಿದ.

ವಾಕಿಟಾಕಿಯಿಂದ ಸದ್ದಿಲ್ಲ ಎಂಬುದು ಆಗ ತಲೆಗೆ ಹತ್ತಿತು.

ಕೈ ತಟ್ಟನೆ ನಿಂತಿತು. ಹಗ್ಗ ನಿಂತಿತು. ದನಿ ನಿಂತ ಮೇಲೂ ತಾನು ಎಷ್ಟು ಇಳಿಸಿದೆ? ಒಂದು ಉಸಿರಿನಷ್ಟು? ಅದಕ್ಕಿಂತ ಜಾಸ್ತಿಯೋ? ಅವನ ಕಣ್ಣು ತೂಕದ ಮೀಟರಿಗೆ ಹೋಯಿತು. ಗೋಡೆ ಬರೀ ಗಾಳಿಯಲ್ಲಿ ತೂಗುತ್ತಿದ್ದರೆ ಪೂರ್ತಿ ಭಾರ ತೋರಿಸಬೇಕಿತ್ತು. ತೋರಿಸುತ್ತಿರಲಿಲ್ಲ. ಸ್ವಲ್ಪ ಕಡಿಮೆಯಿತ್ತು. ಎಂದರೆ ಗೋಡೆಯ ಒಂದು ಮೂಲೆ ಎಲ್ಲೋ ಊರಿದೆ. ಯಾವುದರ ಮೇಲೋ. ಅಥವಾ ಯಾರ ಮೇಲೋ.

ವಾಕಿಟಾಕಿ ಒತ್ತಿದ. "ಹೇಳೋ," ಎಂದ. ಉತ್ತರವಿಲ್ಲ. "ಏನಾಯ್ತೋ, ಮಾತಾಡೋ." ಜಗಳವಾದ ಮೇಲೆ, ಕೆಲಸದ ಮಾತು ಬಿಟ್ಟರೆ, ಅವನು ಭಾಮೈದನೊಂದಿಗೆ ಆಡಿದ ಮೊದಲ ಮಾತು ಅದು.

ಮಾತಾಡಿದವರು ಉಳಿದವರೆಲ್ಲ. ಹಿಂದಿನಿಂದ ಯಾರೋ ಚೀರಿದ್ದು ಕೇಳಿಸಿತಂತೆ ಎಂದು ಗೇಟಿನ ಕಾವಲುಗಾರ. ಏನಂತೆ, ಯಾರಿಗಂತೆ ಎಂದು ಕಾಂಕ್ರೀಟ್ ಲಾರಿಯ ಚಾಲಕ. ಎಲ್ಲರ ಮೇಲೆ ಇಂಜಿನಿಯರನ ದನಿ: "ಎತ್ತು, ಮೇಲೆತ್ತು ಬೇಗ!"

"ಸಾರ್, ನಿಮಗೆ ಗೋಡೆ ಕಾಣ್ತಿದೆಯಾ?"

"ನಾನು ಮುಂದುಗಡೆ ಇದ್ದೀನಿ. ಓಡ್ತಿದ್ದೀನಿ. ನೀನು ಎತ್ತು, ಯಾರಾದ್ರೂ ಸಿಕ್ಕಾಕೊಂಡಿದ್ರೆ?"

ಇಂಜಿನಿಯರನದೂ ತಪ್ಪಲ್ಲ, ಅವನ ಜೀವವೂ ಬಾಯಿಗೆ ಬಂದಿತ್ತು. ಗೂಡಿನಣ್ಣನ ಕೈಯೂ ಎತ್ತಲು ತವಕಿಸುತ್ತಿತ್ತು. ಆದರೆ ಗಾಳಿಯಿದೆ. ಊರಿದ ಮೂಲೆ ಬಿಡುತ್ತಲೇ ಗೋಡೆ ಯಾವ ಕಡೆಗೆ ತಿರುಗುತ್ತದೋ, ಅಂಚಿನಲ್ಲಿ ನಿಂತವರನ್ನು ಗುಡಿಸಿ ಕೆಳಗೆ ಹಾಕುತ್ತದೋ, ಹೇಳುವವರಾರು? ಇಳಿಸಿದರೆ ಕೆಳಗಿದ್ದವನು ಹೋದ. ಎತ್ತಿದರೆ ಪಕ್ಕದಲ್ಲಿದ್ದವರು.

"ನೋಡಿದವರು ಹೇಳೋ ತನಕ ನಾನು ಅಲುಗಾಡಿಸಲ್ಲ ಸಾರ್," ಎಂದ. "ದಯವಿಟ್ಟು ಎಲ್ರೂ ಸ್ವಲ್ಪ ಸುಮ್ನಿರಿ. ಅವನು ಮಾತಾಡಿದ್ರೆ ನನಗೆ ಕೇಳಿಸಬೇಕು."

ವಾಕಿಟಾಕಿ ಸುಮ್ಮನಾಯಿತು. ಆ ಹೊತ್ತಿಗೇ ಜೇಬಿನ ಫೋನು ಬಡಿದುಕೊಳ್ಳತೊಡಗಿತು. ಹೆಂಡತಿಯೇ ಇರಬೇಕು; ಈ ಹೊತ್ತಿನಲ್ಲಿ ಅವಳೇ ಮಾಡುವುದು. ಸಂಜೆಗೆ ಏನಾದರೂ ತರಲು ಹೇಳುವುದಿರಬಹುದು. ನಿನ್ನ ತಮ್ಮ ನನ್ನ ಗೋಡೆಯ ಕೆಳಗಿದ್ದಾನೆ ಎಂದು ಹೇಳಲೇ? ಫೋನು ಬಡಿದುಕೊಂಡು ನಿಂತಿತು, ಮತ್ತೆ ಶುರುವಾಯಿತು. ಗಾಳಿಯ ಬೀಸೊಂದು ಗಾಜಿಗೆ ಅಪ್ಪಳಿಸಿತು. ತೂಕದ ಮೀಟರು ನಡುಗಿ, ಏರಿ, ಮತ್ತೆ ಇಳಿಯಿತು. ಅವನ ಕೈ ನಡುಗಿದರೆ ಕ್ರೇನು ನಡೆಸುವ ಹಿಡಿಯೂ ನಡುಗುತ್ತದೆ. ಹಿಡಿ ನಡುಗಿದರೆ ಗೋಡೆ. ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡ.

ದೇವರೇ, ಎಂದ.

ಕೂಗ್ತಾನೇ ಇದ್ರು, ಎಂದಿತು ಆ ಮಾತು. ಬಾರದಿರುತ್ತದೆಯೇ. ಈ ಸಲ ಅದನ್ನು ಸರಿಸುವುದಕ್ಕೆ ಅವನಲ್ಲಿ ತ್ರಾಣವಿರಲಿಲ್ಲ, ಉತ್ತರ ಹೊಸೆಯುವುದಕ್ಕೆ ಹೊತ್ತೂ ಇರಲಿಲ್ಲ. ಹೌದು, ಎಂದ ಒಳಗೇ. ಕೂಗಿದ್ದರು. ನನಗೆ ಕೇಳಿಸಿತ್ತು. ಬೆಂಚಿನ ಮೇಲೆ ಕೂತಿದ್ದೆ, ಅಪ್ಪನ ದನಿಯೆಂದೂ ಗೊತ್ತಾಗಿತ್ತು. ಒಳಗೆ ಹೋಗಿ ಆ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ. ನಿನ್ನ ಹೆಸರನ್ನು ಅಡ್ಡ ಹಿಡಿದುಕೊಂಡು ಕೂತುಬಿಟ್ಟೆ.

ಹೀಗೆಂದು ಅವನು ಹೆಂಡತಿಗೆ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ ಹಗುರವೇನೂ ಆಗಲಿಲ್ಲ. ಆದರೆ ಆ ಮಾತು ಮತ್ತೆ ಬರಲಿಲ್ಲ. ಒಳಗೆ ಯಾರೂ ವಾದ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಬೇಕೆಂದೂ ಅನ್ನಿಸಲಿಲ್ಲ. ಅವನು ಕಣ್ಣು ಬಿಟ್ಟುಕೊಂಡು, ಕಿವಿ ತೆರೆದುಕೊಂಡು, ಹಗ್ಗ, ಮೀಟರು, ಕಟ್ಟಡದ ಅಂಚು, ಮತ್ತೆ ಹಗ್ಗ ನೋಡುತ್ತ ಕೂತ. ಅವನನ್ನು ಉಳಿಸು ಎಂದು ಬೇಡಿದನೋ ಇಲ್ಲವೋ ಆಮೇಲೆ ನೆನಪಾಗಲಿಲ್ಲ. ತಾನು ಯಾರ ಎದುರಿಗೆ ಕೂತಿದ್ದೇನೆಂಬುದು ಮಾತ್ರ ಗೊತ್ತಿತ್ತು, ಅಷ್ಟು ನಿಚ್ಚಳವಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ.

ಕಟ್ಟಡದ ನೆತ್ತಿಯ ಮೇಲೆ ಏನೋ ಓಡಿ ಬಂತು. ಕಬ್ಬಿಣ ಕಟ್ಟುವ ಹೆಂಗಸು, ಸೈಟಿನವರೆಲ್ಲ ದೊಡ್ಡಕ್ಕ ಎನ್ನುವವಳು. ತಾರಸಿಯ ಮೇಲೆ ಕಂಬಿ ಬಿಗಿಯುತ್ತಿದ್ದವಳು ಕೆಳಗಿನ ಚೀರಾಟ ಕೇಳಿ ಬಗ್ಗಿ ನೋಡಿದ್ದಳು. ವಾಕಿಟಾಕಿ ಅವಳ ಹತ್ತಿರ ಇರಲಿಲ್ಲ. ಅವಳು ಎರಡೂ ಕಡೆ ಕಾಣುವಂಥ ಮೂಲೆಗೆ ಬಂದು, ಮೊದಲು ಮುಷ್ಟಿ ಬಿಗಿದು ಕೈ ಎತ್ತಿ ಹಿಡಿದಳು: ನಿಲ್ಲು. ಅವನೂ ಗಾಜಿಗೆ ಮುಷ್ಟಿ ಒತ್ತಿ ತೋರಿಸಿದ: ನಿಂತಿದ್ದೇನೆ. ಅವಳು ಹಿಂದೆ ಬಗ್ಗಿ ಕೆಳಗಿನವರಿಗೆ ಏನೋ ಕೂಗಿದಳು. ಕಾದಳು. ಗಾಳಿಗೆ ಅವಳ ಸೆರಗು ಪಟಪಟ ಹೊಡೆಯುತ್ತಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿದಳು, ಮತ್ತೆ ಕಾದಳು. ಅವಳು ಗಾಳಿಯ ಬೀಸು ಹಾದುಹೋಗಲೆಂದು ಕಾಯುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು.

ಗಾಳಿಯ ಬೀಸು ಅಡಗಿತು. ಅವಳು ಹೆಬ್ಬೆರಳನ್ನು ಮೇಲೆ ಮಾಡಿ, ಇನ್ನೊಂದು ಕೈಯಿಂದ ಅದನ್ನು ಮುಚ್ಚಿದಂತೆ ಹಿಡಿದಳು: ಎತ್ತು, ಆದರೆ ಕೂದಲೆಳೆಯಷ್ಟು.

ಅವನು ಎತ್ತಿದ. ಮೀಟರಿನ ಮುಳ್ಳು ತೆವಳುತ್ತ ಮೇಲೇರಿತು. ಅವನ ಕಣ್ಣು ಅವಳ ಹೆಬ್ಬೆರಳನ್ನು ಬಿಟ್ಟು ಕದಲಲಿಲ್ಲ. ಇನ್ನಷ್ಟು. ಇನ್ನೂ ಒಂದಿಷ್ಟು. ಪೂರ್ತಿ ಭಾರ ಬಂತು. ಮುಷ್ಟಿ. ನಿಲ್ಲಿಸಿದ. ಅವಳು ಕೆಳಗೆ ನೋಡುತ್ತಲೇ ನಿಂತಳು, ಅವನು ಅವಳ ಬೆನ್ನನ್ನು ನೋಡುತ್ತ ಕೂತ. ಆ ಬೆನ್ನು ತಿರುಗಿದಾಗ ಅವಳು ಎರಡೂ ಕೈಯನ್ನು ಎದೆಯ ಮೇಲಿಟ್ಟು, ಇದ್ದಾನೆ ಎನ್ನುವಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಇಂಜಿನಿಯರನೂ ಹಿಂಬದಿ ತಲುಪಿ ವಾಕಿಟಾಕಿಯಲ್ಲಿ ಏದುಸಿರು ಬಿಡುತ್ತಿದ್ದ. "ಕಾಲು. ಕಾಲು ಮಾತ್ರ. ಹೊರಗೆ ಎಳೆದ್ರು. ಮಾತಾಡ್ತಿದ್ದಾನೆ."

ನಡೆದದ್ದು ಇಷ್ಟು. ಗಾಳಿಗೆ ಗೋಡೆ ತಿರುಗಿತ್ತು. ಸೀಟಿ ಅದನ್ನು ತಡೆಯಲು ಮುಂದೆ ಕಾಲಿಟ್ಟು ಕೈ ಒಡ್ಡಿದ. ವಾಕಿಟಾಕಿ ಕೈತಪ್ಪಿ ಮಹಡಿಯಿಂದ ಕೆಳಗೆ ಬಿತ್ತು. ಗೋಡೆಯ ಮೂಲೆ ಅವನ ಬೂಟಿನ ಮೇಲೆ ಕೂತಿತು. ಫಿಟ್ಟರುಗಳಿಬ್ಬರೂ ಗೋಡೆ ಇನ್ನಷ್ಟು ತಿರುಗದಂತೆ ಹಾರೆ ಕೊಟ್ಟು ನಿಂತಿದ್ದರು, ಕೈ ಬಿಡುವಂತಿರಲಿಲ್ಲ. ಆಗ ಗೋಡೆಯನ್ನು ಒಮ್ಮೆಲೇ ಮೇಲೆತ್ತಿದ್ದರೆ ಆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಇಂಜಿನಿಯರನೇ ಹೇಳಿದ.

ಗೂಡಿನಣ್ಣ ಕೆಳಗಿಳಿದಾಗ ಜನ ಅವನ ಬೆನ್ನು ತಟ್ಟಲು ಬಂದರು. ಅವನು ನೇರ ಇಂಜಿನಿಯರನ ಹತ್ತಿರ ಹೋಗಿ, ದನಿ ನಿಂತ ಮೇಲೂ ತಾನು ಇಳಿಸಿದ್ದನ್ನು ಹೇಳಿದ. "ನನ್ನ ಗಮನ ಅಲ್ಲಿರಲಿಲ್ಲ ಸಾರ್," ಎಂದ. ಇಂಜಿನಿಯರ್ ಅವನ ಮುಖ ನೋಡಿ, ಕ್ರೇನಿನ ಕೀ ಕೊಡುವಂತೆ ಕೈ ಚಾಚಿದ.

ಆಸ್ಪತ್ರೆಯಲ್ಲಿ ಸೀಟಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ದಿಂಬಿಗೆ ಒರಗಿದ್ದ. ಪಾದದ ಮೂಳೆ ಮುರಿದಿತ್ತು. ಅಕ್ಕ ಒಂದು ಸುತ್ತು ಅತ್ತು, ಒಂದು ಸುತ್ತು ಬೈದು, ಔಷಧಿ ತರಲು ಹೋಗಿದ್ದಳು. ಗೂಡಿನಣ್ಣ ಮಂಚದ ಪಕ್ಕ ನಿಂತೇ ಇದ್ದ.

"ಕೂತ್ಕೊಳ್ಳಿ ಭಾವ. ನೀವು ನಿಂತಿದ್ರೆ ನನ್ನ ಕಾಲು ನೋಯುತ್ತೆ."

ಅವನು ಕೂತ. "ನಿನ್ನ ದನಿ ನಿಂತ ಮೇಲೂ ನಾನು ಇಳಿಸಿದೆ ಕಣೋ."

"ಗೊತ್ತು. ಕಾಲಿಗೆ ಮೊದಲೇ ಗೊತ್ತಾಯ್ತು."

"ತಮಾಷೆ ಅಲ್ಲ. ನಾನು ಒಳಗೇ ನಿನ್ನ ಜೊತೆ ಜಗಳ ಆಡ್ತಾ ಕೂತಿದ್ದೆ."

ಸೀಟಿ ಕೋಣೆಯ ಛಾವಣಿ ನೋಡಿದ. "ನಾನೇನು ಭಜನೆ ಮಾಡ್ತಾ ನಿಂತಿದ್ನಾ? ನಿಮ್ಮನ್ನೇ ಬೈಕೋತಿದ್ದೆ. ಇಲ್ಲದಿದ್ರೆ ಗೋಡೆ ಕೆಳಗೆ ಯಾರಾದ್ರೂ ಕಾಲಿಡ್ತಾರಾ." ಆಮೇಲೆ ಭಾವನತ್ತ ತಿರುಗಿ, "ಸೈಟಲ್ಲಿ ಹೇಳ್ಬಿಟ್ರಂತೆ. ಯಾಕೆ ಹೇಳೋಕೆ ಹೋದ್ರಿ? ಗಾಳಿ ಮೇಲೆ ಹಾಕಿದ್ರೆ ಆಗ್ತಿತ್ತು."

ಪಕ್ಕದ ಮಂಚದ ಮುದುಕ ಯಾರನ್ನೋ ಕರೆಯುತ್ತಿದ್ದ. ಗೂಡಿನಣ್ಣ ಎದ್ದು ಹೋಗಿ ಏನು ಬೇಕೆಂದು ಕೇಳಿ, ಹೊದಿಕೆ ಸರಿಮಾಡಿ ಬಂದು ಕೂತ. ಆಮೇಲೆ ನೆಲ ನೋಡುತ್ತ ಹೇಳಿದ: "ಅಪ್ಪ ಕೂಗಿದ್ದು ನನಗೆ ಕೇಳಿಸಿತ್ತು."

ಸೀಟಿಯ ಮುಖದ ಬಿಗಿ ಸಡಿಲಿತು. "ನೀರು ಕೇಳಿದ್ರು," ಎಂದ ಮೆಲ್ಲಗೆ. "ಕೊಟ್ಟೆ, ಕುಡಿದ್ರು. ನೀವೆಲ್ಲಿ ಅಂದ್ರು. ಹೊರಗಿದ್ದಾರೆ, ಕರೀಲಾ ಅಂದೆ. ಬೇಡ, ಅವನಿಗೆ ನೋಡೋಕಾಗಲ್ಲ, ಇರಲಿ ಬಿಡು ಅಂದ್ರು."

"ಇದನ್ನ ಅವತ್ತು ಊಟದ ಹೊತ್ತಲ್ಲಿ ಯಾಕೆ ಹೇಳಲಿಲ್ಲ?"

"ಕೋಪದಲ್ಲಿದ್ದೆನಲ್ಲ ಭಾವ. ಅರ್ಧ ಮಾತೇ ಬಾಯಿಗೆ ಬಂತು."

ಗೂಡಿನಣ್ಣ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಸೀಟಿ ಕೈ ಚಾಚಿ ಅವನ ಭುಜ ಮುಟ್ಟಲು ನೋಡಿದ. ಕಾಲು ಕಟ್ಟಿಹಾಕಿದ್ದರಿಂದ ಎಟುಕಲಿಲ್ಲ. "ಸ್ವಲ್ಪ ಹತ್ತಿರ ಬರಬಾರದಾ," ಎಂದು ಗೊಣಗಿದ.

ವಿಚಾರಣೆಯಾಗಿ ಕಂಪನಿಯವರು ಗೂಡಿನಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ. ಮತ್ತೆ ಪರೀಕ್ಷೆ ಪಾಸಾಗುವ ತನಕ ನೆಲದ ಮೇಲಿರಲಿ ಎಂದರು. ಅವನು ಹರೆಯದಲ್ಲಿ ಮಾಡುತ್ತಿದ್ದ ಕೆಲಸಕ್ಕೇ ಬಂದು ನಿಂತ. ಮೇಲೆ ಬೇರೊಬ್ಬ ಕೂತಿದ್ದ. ಇವನು ಕೆಳಗೆ ಹೊರೆ ಕಟ್ಟುತ್ತಿದ್ದ. ಹಾರನ್ ಅದೇ, ಬೈಗುಳ ಅದೇ, ಧೂಳು ಅದೇ. ದೇವರೇ ಎನ್ನುವುದರೊಳಗೆ ಯಾರೋ ಕೂಗುತ್ತಿದ್ದರು: ಅಣ್ಣ, ಈ ಗಂಟು ನೋಡು. ಹೋಗಿ ನೋಡುತ್ತಿದ್ದ. ಬಂದು ಮತ್ತೆ ಶುರುಮಾಡುತ್ತಿದ್ದ. ಸಂಜೆಗೆ ಲೆಕ್ಕ ಹಾಕಿದರೆ ಪೂರ್ತಿ ಸಾಲು ಒಮ್ಮೆಯೂ ಮುಗಿದಿರುತ್ತಿರಲಿಲ್ಲ. ಮೊದಲಾಗಿದ್ದರೆ ಅದು ಅವನ ತಲೆ ಕೆಡಿಸುತ್ತಿತ್ತು. ಈಗಲೂ ಕೆಲವು ದಿನ ಕೆಡಿಸುತ್ತಿತ್ತು, ಸುಳ್ಳೇಕೆ. ಆದರೆ ಬಿಟ್ಟುಹೋದ ಕಡೆಯಿಂದ ಹಿಡಿದುಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿರಲಿಲ್ಲ.

ಕಟ್ಟಡಕ್ಕೆ ಕಿಟಕಿ ಕೂರಿಸುವ ಹೊತ್ತಿಗೆ ಅವನು ಪರೀಕ್ಷೆ ಪಾಸಾಗಿ ಮತ್ತೆ ಏಣಿ ಹತ್ತಿದ. ಸೀಟಿಯ ಕಾಲು ಕೂಡಿಕೊಂಡಿತ್ತು, ತುಸು ಎಳೆದು ನಡೆಯುತ್ತಿದ್ದ. ಅವನಿಗೆ ಉಗ್ರಾಣದಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿತ್ತು. ಸನ್ನೆ ಮಾಡುವ ತರಬೇತಿಗೆ ಇಂಜಿನಿಯರನೇ ದೊಡ್ಡಕ್ಕನನ್ನು ಕಳಿಸಿದ್ದ. ಮೊದಲ ದಿನ ಗೂಡಿನಲ್ಲಿ ಕೂತು ಅವನು ಕಣ್ಣು ಮುಚ್ಚಿದ್ದನೋ ಇಲ್ಲವೋ, ವಾಕಿಟಾಕಿ ಕರಕರ ಎಂದಿತು.

"ಏನಪ್ಪಾ, ಮೇಲಿದ್ದೀಯಾ? ಕಿಟಕಿ ಚೌಕಟ್ಟು ಕಟ್ಟಿ ಆಯ್ತು."

ಅವನು ಕಣ್ಣು ತೆರೆದ.

"ಇದ್ದೀನಿ, ಹೇಳಕ್ಕ," ಎಂದು ಹಿಡಿಗೆ ಕೈಹಾಕಿದ.